ಮೊದಲು ಗಡಿಯಾರ, ಆಮೇಲೆ ಕ್ಲೈಂಟ್

ಪ್ರಶ್ನೆ: ನನಗೆ 34 ವರ್ಷ, ಬಿ.ಕಾಂ. ಓದಿದ್ದೇನೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಏಳು ವರ್ಷ ಎಂ.ಡಿ.ಯವರಿಗೆ ಅಸಿಸ್ಟೆಂಟ್ ಆಗಿದ್ದೆ. ಮಗ ಹುಟ್ಟಿದ ಮೇಲೆ ಕೆಲಸ ಬಿಟ್ಟೆ. ಈಗ ಹಾಸನದಲ್ಲಿ ಅತ್ತೆ ಮಾವನ ಜೊತೆ ಇದ್ದೇವೆ. ಮಗ ಎರಡನೇ ಕ್ಲಾಸು. ಮನೆಯಿಂದಲೇ ವರ್ಚುವಲ್ ಅಸಿಸ್ಟೆಂಟ್ ಕೆಲಸ, ಅಂದರೆ ದೂರದಲ್ಲಿರುವವರ ಮೇಲ್, ಕ್ಯಾಲೆಂಡರ್, ಬಿಲ್ ಕೆಲಸವನ್ನು ಇಂಟರ್ನೆಟ್ ಮೂಲಕ ಮಾಡಿಕೊಡುವುದು, ಶುರು ಮಾಡಬೇಕೆಂಬ ಆಸೆ. ಆದರೆ ಇದೇ ಕೆಲಸ ಮಾಡುವ ಗೆಳತಿಯೊಬ್ಬಳು ರಾತ್ರಿ ಎರಡರವರೆಗೂ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾಳೆ. ಮನೆಯಲ್ಲಿ ದಿನಾ ಜಗಳ. ಹಾಗಾಗದಂತೆ ಮಾಡಲು ಸಾಧ್ಯವೇ? ಗಂಟೆಗೆ ಎಷ್ಟು ಕೇಳಬೇಕು? 25,000 ರೂಪಾಯಿಯ ಆನ್‌ಲೈನ್ ಕೋರ್ಸ್ ಒಂದಿದೆ, ಸೇರಲೇ? ಕೊನೆಯದಾಗಿ, ಇದು ಎಂಥ ಕೆಲಸ ಅಂತ ಮಾವನವರಿಗೆ ಹೇಗೆ ವಿವರಿಸಲಿ?

ಉತ್ತರ: ಖಂಡಿತ ಸಾಧ್ಯ. ಆದರೆ ಕೆಲಸ ಹಿಡಿದ ಮೇಲೆ ಸಮಯ ಹೊಂದಿಸಿಕೊಳ್ಳೋಣ ಅಂದುಕೊಂಡರೆ ನಿಮ್ಮ ಗೆಳತಿಯ ಪಾಡೇ ನಿಮಗೂ ಬರುತ್ತದೆ. ನನಗೂ ಬಂದಿತ್ತು. ಮನೆ ಮತ್ತು ಕೆಲಸದ ಸಮತೋಲನ ಮೊದಲ ಕ್ಲೈಂಟನ್ನು ಒಪ್ಪಿಕೊಳ್ಳುವ ದಿನವೇ ತೀರ್ಮಾನವಾಗಿಬಿಡುತ್ತದೆ. ಆಮೇಲೆ ಎಷ್ಟು ಶಿಸ್ತು ಮಾಡಿದರೂ ಅದನ್ನು ಸರಿಪಡಿಸುವುದು ಕಷ್ಟ.

ನನ್ನ ಮೊದಲ ಕ್ಲೈಂಟ್ ಕ್ಯಾಲಿಫೋರ್ನಿಯಾದವರು. ಮನೆ ಮಾರಾಟದ ವ್ಯವಹಾರ ಅವರದು. ಅಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ರಾತ್ರಿ 9.30. ಮಗಳನ್ನು ಮಲಗಿಸಿ ಕೂತರೆ ಏಳುವಾಗ ಎರಡು ಗಂಟೆ. ನವೆಂಬರಿನಲ್ಲಿ, ಆ ದೇಶದ ಚಳಿಗಾಲದ ಪದ್ಧತಿಯಂತೆ, ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡರು. ನನಗೆ 9.30 ಇದ್ದದ್ದು 10.30 ಆಯಿತು, ಎರಡು ಇದ್ದದ್ದು ಮೂರಾಯಿತು. ಬೆಳಿಗ್ಗೆ ಎಂಟಕ್ಕೆ ಸ್ಕೂಲ್ ವ್ಯಾನ್. ಒಂದು ದಿನ ಮಗಳ ಜಡೆ ಹೆಣೆಯುತ್ತಾ ಕೂತಲ್ಲೇ ತೂಕಡಿಸಿದೆ. ಬಾಚಣಿಗೆ ಕೈಯಿಂದ ಜಾರಿ ಬಿತ್ತು. ಅವಳು ಏನೂ ಅನ್ನಲಿಲ್ಲ. ಅರ್ಧ ಹೆಣೆದ ಜಡೆಗೆ ತಾನೇ ರಬ್ಬರ್ ಬ್ಯಾಂಡ್ ಸುತ್ತಿಕೊಂಡು, ಬ್ಯಾಗ್ ಎತ್ತಿಕೊಂಡು ಹೋದಳು. ಆ ವಾರವೇ ಕ್ಲೈಂಟಿಗೆ ನೋಟಿಸ್ ಕೊಟ್ಟೆ. ಅವರು ಕೆಟ್ಟವರೇನಲ್ಲ. ನಾನು ಯಾವ ಹೊತ್ತಿನಲ್ಲಿ ಕೆಲಸ ಮಾಡಬಲ್ಲೆ ಅಂತ ನಾನೇ ಒಂದು ಸಲವೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

ಹಾಗಾಗಿ ಲೋಗೋ, ವೆಬ್‌ಸೈಟ್, ಲಿಂಕ್ಡ್‌ಇನ್ ಎಲ್ಲಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಏಳು ದಿನ, ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಯಾವ ಹೊತ್ತು ಯಾವುದಕ್ಕೆ ಹೋಗುತ್ತದೆ ಅಂತ ಬರೆದಿಡಿ. ತಿಂಡಿ, ಡಬ್ಬಿ, ಅತ್ತೆಯ ಮಾತ್ರೆ, ಮಗನ ಹೋಂವರ್ಕ್, ಎಲ್ಲವನ್ನೂ. ಯಾರೂ ಕರೆಯದ, ಒಲೆಯ ಮೇಲೆ ಏನೂ ಇಡದ ಹೊತ್ತು ಎಷ್ಟು ಸಿಗುತ್ತದೆ ನೋಡಿ. ನಿಮ್ಮ ಪತ್ರ ನೋಡಿದರೆ ಬೆಳಿಗ್ಗೆ 9.30ರಿಂದ ಮಧ್ಯಾಹ್ನ 1.30ರವರೆಗೆ ನಾಲ್ಕು ಗಂಟೆ ಸಿಗಬಹುದು ಅನ್ನಿಸುತ್ತದೆ. ಊಟ ಆದ ಮೇಲೆ ಮಗ ಬರುವ ಮುಂಚೆ ಇನ್ನೊಂದು ಗಂಟೆ. ಆ ಒಂದು ಗಂಟೆಯನ್ನು ಯಾರಿಗೂ ಮಾರಬೇಡಿ. ಬಿಲ್ ಕಳಿಸುವುದು, ಹೊಸ ಕ್ಲೈಂಟ್ ಹುಡುಕುವುದು, ಏನಾದರೂ ಕಲಿಯುವುದು ಅದರಲ್ಲಿ ಆಗಬೇಕು. ಇಲ್ಲದಿದ್ದರೆ ಇವೆಲ್ಲ ರಾತ್ರಿಗೆ ಬಂದು ಕೂರುತ್ತವೆ.

ಈಗ ಈ ನಾಲ್ಕು ಗಂಟೆಗೆ ಯಾವ ದೇಶ ಹೊಂದುತ್ತದೆ ನೋಡೋಣ. ನಮಗೆ ಬೆಳಿಗ್ಗೆ 9.30 ಆದಾಗ ದುಬೈನಲ್ಲಿ 8 ಗಂಟೆ, ಸಿಂಗಪುರದಲ್ಲಿ ಮಧ್ಯಾಹ್ನ 12, ಸಿಡ್ನಿಯಲ್ಲಿ ಮಧ್ಯಾಹ್ನ 2. ಅಂದರೆ ದುಬೈಯವರ ಪೂರ್ತಿ ಬೆಳಗು, ಸಿಂಗಪುರ ಮತ್ತು ಸಿಡ್ನಿಯವರ ಮಧ್ಯಾಹ್ನ ನಿಮ್ಮದು. ಈ ಮೂರು ಕಡೆಯ ಸಣ್ಣ ವ್ಯವಹಾರದವರು ನಿಮಗೆ ಸರಿಯಾದ ಜೋಡಿ. ಲಂಡನ್ನಿನಲ್ಲಿ ಬೆಳಿಗ್ಗೆ 9 ಆಗುವಾಗ ಅವರ ಬೇಸಿಗೆಯಲ್ಲಿ ನಮಗೆ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ನಿಮ್ಮ ಮನೆ ಗದ್ದಲವಾಗುವ ಹೊತ್ತಿಗೆ ಅವರ ಆಫೀಸ್ ತೆರೆಯುತ್ತದೆ. ನ್ಯೂಯಾರ್ಕಿನ ಬೆಳಿಗ್ಗೆ 9 ನಮಗೆ ಸಂಜೆ 6.30 ಅಥವಾ 7.30.

ಹಾಗಂತ ಅಮೆರಿಕದವರು ಬೇಡವೇ ಬೇಡ ಅಂತ ಅಲ್ಲ. ಅವರು ಮಲಗಿರುವಾಗ ಮುಗಿಯುವ ಕೆಲಸವನ್ನು ಮಾತ್ರ ಹಿಡಿಯಿರಿ. ಮೇಲ್‌ಬಾಕ್ಸ್ ವಿಂಗಡಿಸುವುದು, ಮೀಟಿಂಗ್ ರೆಕಾರ್ಡಿಂಗ್ ಕೇಳಿ ಟಿಪ್ಪಣಿ ಮಾಡುವುದು, ಇನ್‌ವಾಯ್ಸ್ ತಯಾರಿಸುವುದು, ವಾರದ ಪೋಸ್ಟ್‌ಗಳನ್ನು ಶೆಡ್ಯೂಲ್ ಮಾಡುವುದು. ನಿಮ್ಮ ಬೆಳಿಗ್ಗೆ 9.30 ಅಂದರೆ ನ್ಯೂಯಾರ್ಕಿನಲ್ಲಿ ನಡುರಾತ್ರಿಯ ಆಸುಪಾಸು. ಅವರು ಎದ್ದು ಕಾಫಿ ಕುಡಿಯುವಾಗ ಕೆಲಸ ಮುಗಿದಿರುತ್ತದೆ. ಇದನ್ನು ನಿಮ್ಮ ಕೊರತೆ ಅಂತ ಅಂಜಿಕೊಂಡು ಹೇಳಬೇಡಿ, ಅನುಕೂಲ ಅಂತಲೇ ಹೇಳಿ. ಆದರೆ ಫೋನ್ ಎತ್ತುವುದು, ಅವರ ಗಿರಾಕಿಗಳ ಜೊತೆ ಚಾಟ್ ಮಾಡುವುದು, ದಿನಾ ಝೂಮ್ ಕರೆಗೆ ಬರುವುದು ಅಂದರೆ ನಯವಾಗಿ ಇಲ್ಲ ಅನ್ನಿ. ದುಡ್ಡು ಎಷ್ಟೇ ಇರಲಿ.

ಗಡಿಯಾರ ತಿರುಗಿಸುವ ವಿಷಯ ಮರೆಯಬೇಡಿ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಮುಂದಕ್ಕೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಬ್ರಿಟನ್‌ನಲ್ಲಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ. ಸಿಡ್ನಿಯಲ್ಲಿ ಇದೇ ಲೆಕ್ಕ ಉಲ್ಟಾ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅವರು ಒಂದು ಗಂಟೆ ಮುಂದೆ. ದುಬೈ, ಸಿಂಗಪುರದಲ್ಲಿ ಈ ತಾಪತ್ರಯ ಇಲ್ಲ. ಒಪ್ಪಂದದಲ್ಲಿ ನಿಮ್ಮ ಹೊತ್ತನ್ನು ಭಾರತೀಯ ಸಮಯದಲ್ಲೇ ಬರೆಯಿರಿ. ಅವರ ಗಡಿಯಾರ ತಿರುಗಿದರೆ ಹೊಂದಿಸಿಕೊಳ್ಳುವುದು ಅವರ ಪಾಲು, ನಿಮ್ಮ ಮಗನ ಸ್ಕೂಲ್ ವ್ಯಾನ್ ಅಂತೂ ಹಿಂದೆ ಮುಂದೆ ಆಗುವುದಿಲ್ಲ.

ದೇಶ ಬಿಟ್ಟು ಹೊರಗೇ ನೋಡಬೇಕಾಗಿಲ್ಲ. ನೀವಿರುವುದು ಹಾಸನ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆ ಹೋಂಸ್ಟೇ ನಡೆಸುವವರು ಎಷ್ಟು ಜನ ಇದ್ದಾರೆ! ತೋಟದೊಳಗೆ ಹೋದರೆ ನೆಟ್‌ವರ್ಕ್ ಸಿಗುವುದಿಲ್ಲ. ಕಾಫಿ ಕುಯ್ಲಿನ ಕಾಲದಲ್ಲಿ ಆಳುಗಳ ಹಿಂದೆ ಓಡಾಡುವಾಗ ವಾಟ್ಸಾಪಿನಲ್ಲಿ ಬಂದ ವಿಚಾರಣೆಗೆ ಉತ್ತರ ಕೊಡಲು ಪುರುಸೊತ್ತಿಲ್ಲ. ಏರ್‌ಬಿಎನ್‌ಬಿಯಲ್ಲಿ ಒಬ್ಬರು, ಬುಕಿಂಗ್ ಡಾಟ್ ಕಾಮ್‌ನಲ್ಲಿ ಇನ್ನೊಬ್ಬರು ಒಂದೇ ರೂಮನ್ನು ಹಿಡಿದು ಶನಿವಾರ ಸಂಜೆ ಇಬ್ಬರೂ ಬಂದಿಳಿಯುತ್ತಾರೆ. ದಿನಾ ಬೆಳಿಗ್ಗೆ ವಿಚಾರಣೆಗಳಿಗೆ ಉತ್ತರಿಸಿ, ಎರಡೂ ಕಡೆ ತಾರೀಖು ಬ್ಲಾಕ್ ಮಾಡಿ, ಅಡ್ವಾನ್ಸ್ ಬಂತಾ ನೋಡಿ, ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಸರ್ಕಾರಕ್ಕೆ ಹೋಗಬೇಕಾದ ಮಾಹಿತಿಯ ಫಾರಂ ಆನ್‌ಲೈನ್‌ನಲ್ಲಿ ತುಂಬಲು ಸಹಾಯ ಮಾಡಿದರೆ ಅವರಿಗೆ ದೊಡ್ಡ ಭಾರ ಇಳಿದಂತೆ.

ಇಲ್ಲೂ ಒಂದು ಎಚ್ಚರಿಕೆ. ಹೋಂಸ್ಟೇ ವ್ಯವಹಾರ ಬಿಸಿಯಾಗುವುದು ಶುಕ್ರವಾರ ಸಂಜೆ ಮತ್ತು ಹಬ್ಬದ ರಜೆಗಳಲ್ಲಿ. ನಿಮ್ಮ ಮಗನಿಗೂ ಆಗಲೇ ರಜೆ. ‘ವಾರದ ದಿನಗಳಲ್ಲಿ ಬೆಳಿಗ್ಗೆ ಮಾತ್ರ ನಾನು, ಶನಿವಾರ ಭಾನುವಾರ ನಿಮ್ಮ ಮನೆಯವರು’ ಅಂತ ಮೊದಲೇ ಹಂಚಿಕೊಳ್ಳಿ. ಆಡಿಟರ್ ಆಫೀಸಿನ ಕೆಲಸವೂ ಹೀಗೇ. ವರ್ಷವೆಲ್ಲ ತಣ್ಣಗೆ, ಜುಲೈ ತಿಂಗಳ ರಿಟರ್ನ್ ಗಡುವು ಬಂತೆಂದರೆ ಉಸಿರಾಡಲೂ ಬಿಡುವಿಲ್ಲ. ಊರಿನ ಕ್ಲೈಂಟ್ ಅಂದ ಮಾತ್ರಕ್ಕೆ ಹೊತ್ತು ಹೊಂದುತ್ತದೆ ಅಂತ ಅಲ್ಲ. ಯಾವ ವ್ಯವಹಾರಕ್ಕೆ ಯಾವಾಗ ಸುಗ್ಗಿ ಅಂತ ಮೊದಲು ಕೇಳಿ ತಿಳಿದುಕೊಳ್ಳಿ.

ಮೊದಲ ಕ್ಲೈಂಟ್ ಎಲ್ಲಿ ಸಿಗುತ್ತಾರೆ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ನಿಮ್ಮ ಹತ್ತಿರ ದೊಡ್ಡ ಆಸ್ತಿಯೇ ಇದೆ. ಏಳು ವರ್ಷ ಎಂ.ಡಿ.ಯ ಕ್ಯಾಲೆಂಡರ್, ಪ್ರಯಾಣ, ಮೇಲ್ ನೋಡಿಕೊಂಡಿದ್ದೀರಿ. ಆ ಹಳೆಯ ಎಂ.ಡಿ., ಅಲ್ಲಿಂದ ಬಿಟ್ಟುಹೋಗಿ ಸ್ವಂತ ಕಂಪನಿ ಮಾಡಿದ ಸಹೋದ್ಯೋಗಿಗಳು, ದುಬೈಗೋ ಸಿಂಗಪುರಕ್ಕೋ ಹೋದ ನೆಂಟರು, ಇವರಲ್ಲಿ ಹತ್ತು ಜನಕ್ಕೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನಾಲ್ಕು ಸಾಲು ಬರೆಯಿರಿ. ‘ಏನಾದರೂ ಕೆಲಸ ಇದ್ದರೆ ಹೇಳಿ’ ಅಂತ ಬರೆದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ‘ನಿಮ್ಮ ಮೇಲ್‌ಬಾಕ್ಸ್ ದಿನಾ ಬೆಳಿಗ್ಗೆ ವಿಂಗಡಿಸಿ, ನೀವೇ ಉತ್ತರಿಸಬೇಕಾದ ಐದು ಮೇಲ್ ಮಾತ್ರ ಮುಂದಿಡುತ್ತೇನೆ. ಎರಡು ವಾರ ನೋಡೋಣವೇ?’ ಅಂತ ಬರೆಯಿರಿ. ಆ ಎರಡು ವಾರಕ್ಕೂ ದುಡ್ಡು ತೆಗೆದುಕೊಳ್ಳಿ. ಪುಕ್ಕಟೆ ಟ್ರಯಲ್ ಕೊಟ್ಟರೆ ಅದರ ಹಿಂದೆಯೇ ಪುಕ್ಕಟೆ ಭಾನುವಾರವನ್ನೂ ಕೇಳುತ್ತಾರೆ.

ಇನ್ನು ದರದ ವಿಷಯ. ‘ಬೇರೆಯವರು ಎಷ್ಟು ತಗೋತಾರೆ’ ಅಂತ ನೋಡಬೇಡಿ, ನಿಮ್ಮ ವರ್ಷದಿಂದ ಲೆಕ್ಕ ಶುರು ಮಾಡಿ. ದಿನಕ್ಕೆ ನಾಲ್ಕು ಗಂಟೆ, ವಾರಕ್ಕೆ ಐದು ದಿನ, ಒಟ್ಟು 20 ಗಂಟೆ. ವರ್ಷಕ್ಕೆ 52 ವಾರ. ಅದರಲ್ಲಿ ಯುಗಾದಿ, ಗೌರಿ ಗಣೇಶ, ದಸರಾ, ಮಗನಿಗೆ ಜ್ವರ, ನಿಮಗೆ ಜ್ವರ, ತವರಿಗೆ ಒಂದು ವಾರ ಅಂತ ಆರು ವಾರ ಕಳೆಯಿರಿ. ಉಳಿದದ್ದು 46 ವಾರ, ಅಂದರೆ 920 ಗಂಟೆ. ತಿಂಗಳಿಗೆ 30,000 ಕೈಗೆ ಬರಬೇಕು ಅಂದುಕೊಳ್ಳಿ, ವರ್ಷಕ್ಕೆ 3,60,000. ಇಂಟರ್ನೆಟ್, ಇನ್ವರ್ಟರ್ ಬ್ಯಾಟರಿ, ಲ್ಯಾಪ್‌ಟಾಪ್ ರಿಪೇರಿ, ಸಾಫ್ಟ್‌ವೇರ್, ಹಣ ತರಿಸುವ ಕಮಿಷನ್, ಆಡಿಟರ್ ಫೀಸ್‌ಗೆ ಅಂತ 60,000 ಸೇರಿಸಿ. ಒಟ್ಟು 4,20,000. ಅದನ್ನು 920ರಿಂದ ಭಾಗಿಸಿದರೆ ಸುಮಾರು 457 ರೂಪಾಯಿ ಬರುತ್ತದೆ. 500 ಅಂತ ಇಟ್ಟುಕೊಳ್ಳಿ. ಒಂದು ವಾರ ಕೆಲಸ ಕಡಿಮೆಯಾದರೂ ತಡೆಯುತ್ತದೆ.

ಈ ಲೆಕ್ಕದಲ್ಲಿ ಮುಖ್ಯವಾದದ್ದು ಆ ಆರು ವಾರ. ರಜೆಯನ್ನು ದರದೊಳಗೇ ಸೇರಿಸಿದರೆ ರಜೆ ಹಾಕುವಾಗ ದುಡ್ಡು ಹೋಯಿತಲ್ಲ ಅಂತ ಸಂಕಟ ಆಗುವುದಿಲ್ಲ. ಕಡಿಮೆ ದರ ಹೇಳಿದವರೇ ರಾತ್ರಿ ಕೆಲಸಕ್ಕೆ ಬೀಳುವುದು. ಗಂಟೆಗೆ 200 ಅಂತ ಒಪ್ಪಿಕೊಂಡರೆ ಅದೇ ದುಡ್ಡಿಗೆ ಎರಡೂವರೆ ಪಟ್ಟು ಹೊತ್ತು ಬೇಕು. ಆ ಹೊತ್ತು ನಿದ್ದೆಯಿಂದಲೇ ಬರಬೇಕು, ಬೇರೆಲ್ಲಿಂದ ಬರುತ್ತದೆ?

ಬಿಡಿ ಗಂಟೆಗಿಂತ ತಿಂಗಳ ಲೆಕ್ಕ ಒಳ್ಳೆಯದು. ಇದಕ್ಕೆ ರಿಟೇನರ್ ಅನ್ನುತ್ತಾರೆ. ತಿಂಗಳಿಗೆ ಇಷ್ಟು ಗಂಟೆ, ದುಡ್ಡು ತಿಂಗಳ ಮೊದಲೇ, ಉಳಿದ ಗಂಟೆ ಮುಂದಿನ ತಿಂಗಳಿಗೆ ಹೋಗುವುದಿಲ್ಲ. ಒಬ್ಬರೇ ಕ್ಲೈಂಟ್ ನಿಮ್ಮ ವಾರದ ಅರ್ಧಕ್ಕಿಂತ ಜಾಸ್ತಿ ಹೊತ್ತು ಹಿಡಿಯದ ಹಾಗೆ ನೋಡಿಕೊಳ್ಳಿ. 8, 7, 5 ಗಂಟೆಯ ಮೂವರು ಇದ್ದರೆ ಸಾಕು. ಒಬ್ಬರು ಬಿಟ್ಟುಹೋದರೂ ಮನೆ ನಡೆಯುತ್ತದೆ. ಆ ಧೈರ್ಯ ಇದ್ದರೆ ಮಾತ್ರ ‘ಭಾನುವಾರ ಆಗುವುದಿಲ್ಲ’ ಅಂತ ಬಾಯಿ ಬಿಟ್ಟು ಹೇಳಲು ಆಗುತ್ತದೆ.

ಒಪ್ಪಂದ ಅಂದರೆ ಸ್ಟ್ಯಾಂಪ್ ಪೇಪರ್, ವಕೀಲರು ಅಂತ ಹೆದರಬೇಡಿ. ಶುರುವಿನಲ್ಲಿ ಒಂದು ಪುಟದ ಮೇಲ್, ಅದಕ್ಕೆ ಅವರ ‘ಒಪ್ಪಿದೆ’ ಅನ್ನುವ ಉತ್ತರ ಇದ್ದರೂ ನಡೆಯುತ್ತದೆ. ಅದರಲ್ಲಿ ಏನೇನು ಕೆಲಸ, ಯಾವ ದಿನ ಯಾವ ಹೊತ್ತು, ಮೇಲ್‌ಗೆ ಎಷ್ಟು ಹೊತ್ತಿನಲ್ಲಿ ಉತ್ತರ, ರಜೆಯ ದಿನಗಳು, ಹಣದ ತಾರೀಖು, ಬಿಡುವುದಾದರೆ ಎಷ್ಟು ದಿನ ಮುಂಚೆ ಹೇಳಬೇಕು ಅನ್ನುವುದು ಇರಲಿ. ಇನ್ನೆರಡು ಸಾಲು ನನ್ನ ಅನುಭವದಿಂದ ಸೇರಿಸಿ. ಒಂದು, ಕೆಲಸ ಹೇಳುವವರು ಒಬ್ಬರೇ ಇರಬೇಕು. ಸಣ್ಣ ಕಂಪನಿಗಳಲ್ಲಿ ಗಂಡ ಒಂದು ಹೇಳುತ್ತಾರೆ, ಹೆಂಡತಿ ಒಂದು, ಮ್ಯಾನೇಜರ್ ಮತ್ತೊಂದು. ಮೂವರದ್ದೂ ಅರ್ಜೆಂಟ್. ಎರಡು, ‘ತುರ್ತು’ ಅಂದರೆ ಏನು ಅಂತ ಬರೆದಿಡಿ. ವಿಮಾನ ರದ್ದಾದರೆ ತುರ್ತು. ಪೋಸ್ಟಿನ ಬಣ್ಣ ಬದಲಾಯಿಸುವುದು ತುರ್ತಲ್ಲ.

ಮನೆಯ ವಾಟ್ಸಾಪ್ ನಂಬರ್ ಕ್ಲೈಂಟಿಗೆ ಕೊಡಲೇಬೇಡಿ. ಇನ್ನೊಂದು ಸಿಮ್ ತೆಗೆದುಕೊಂಡು ವಾಟ್ಸಾಪ್ ಬಿಸಿನೆಸ್ ಹಾಕಿ. ಅದರಲ್ಲಿ ಕೆಲಸದ ಹೊತ್ತು ನಮೂದಿಸಿ, ಆ ಹೊತ್ತು ಮೀರಿ ಮೆಸೇಜ್ ಬಂದರೆ ತಾನೇ ಉತ್ತರ ಹೋಗುವ ಹಾಗೆ ಇಡಬಹುದು. ‘ನಿಮ್ಮ ಸಂದೇಶ ತಲುಪಿದೆ. ನಾಳೆ ಬೆಳಿಗ್ಗೆ 9.30ಕ್ಕೆ ನೋಡುತ್ತೇನೆ’ ಇಷ್ಟೇ ಸಾಕು, ಕ್ಷಮೆ ಕೇಳಬೇಡಿ. ಅಕಸ್ಮಾತ್ ರಾತ್ರಿ ಏನಾದರೂ ಮಾಡಿ ಮುಗಿಸಿದರೂ ಆಗಲೇ ಕಳಿಸಬೇಡಿ. ಜಿಮೇಲ್‌ನಲ್ಲಿ ಬೆಳಿಗ್ಗೆಗೆ ಶೆಡ್ಯೂಲ್ ಮಾಡಿ. ರಾತ್ರಿ 11ಕ್ಕೆ ಒಂದು ಸಲ ಉತ್ತರ ಹೋದರೆ, ಇವರು 11ಕ್ಕೂ ಸಿಗುತ್ತಾರೆ ಅಂತ ಅವರಿಗೆ ಗೊತ್ತಾಗಿಬಿಡುತ್ತದೆ. ಅದನ್ನು ಮರೆಸಲು ಆರು ತಿಂಗಳು ಬೇಕು.

ಕ್ಲೈಂಟಿಗಿಂತ ಕಷ್ಟ ಮನೆಯೊಳಗಿನ ಗಡಿ. ಇದನ್ನು ತುಸು ವಿವರವಾಗಿಯೇ ಹೇಳುತ್ತೇನೆ. ಮನೆಯಲ್ಲಿ ಕೂತು ಮಾಡುವ ಕೆಲಸ ಮನೆಯವರ ಕಣ್ಣಿಗೆ ಕಾಣುವುದಿಲ್ಲ. ಕೊರಿಯರ್ ಬಂದರೆ ನೀವೇ ಏಳಬೇಕು, ಸಿಲಿಂಡರ್ ಬಂದರೆ ನೀವೇ, ಪಕ್ಕದ ಮನೆಯವರು ಬಂದರೆ ಕಾಫಿ ನೀವೇ. ‘ಮನೇಲೇ ಇರ್ತಾಳಲ್ಲ’ ಅನ್ನುವ ಮಾತಿನಲ್ಲಿ ಯಾರಿಗೂ ಕೆಟ್ಟ ಮನಸ್ಸಿಲ್ಲ. ಕೋಪ ಮಾಡಿಕೊಂಡರೆ ಪ್ರಯೋಜನ ಇಲ್ಲ. ಅವರಿಗೆ ಕಣ್ಣಿಗೆ ಕಾಣುವ ಗುರುತು ಬೇಕು. ನಮ್ಮ ಮನೆಯಲ್ಲಿ ನನಗೆ ಬೇರೆ ಕೋಣೆ ಇರಲಿಲ್ಲ. ಹಜಾರದ ಮೂಲೆಯಲ್ಲಿ ಮೇಜು ಹಾಕಿ, ಅದಕ್ಕೆ ಅಡ್ಡವಾಗಿ ಹಳೆಯ ಸೀರೆಯ ಪರದೆ ಕಟ್ಟಿದೆ. ಪರದೆ ಇಳಿದಿದ್ದರೆ ಅಮ್ಮ ಆಫೀಸಿನಲ್ಲಿದ್ದಾಳೆ. ಎತ್ತಿ ಕಟ್ಟಿದ್ದರೆ ಮನೆಯಲ್ಲಿದ್ದಾಳೆ. ಮಗಳಿಗೆ ಎರಡೇ ದಿನದಲ್ಲಿ ಅರ್ಥವಾಯಿತು. ದೊಡ್ಡವರಿಗೆ ಎರಡು ತಿಂಗಳು ಹಿಡಿಯಿತು. ಹೊತ್ತು ಮುಗಿದ ಕೂಡಲೇ ಮಗಳೇ ಬಂದು ಪರದೆ ಎತ್ತಿ ಕಟ್ಟುತ್ತಿದ್ದಳು. ಅವಳು ಕಟ್ಟಿದ ಮೇಲೆ ನಾನು ಲ್ಯಾಪ್‌ಟಾಪ್ ತೆರೆಯುತ್ತಿರಲಿಲ್ಲ. ಗುರುತು ಎರಡೂ ಕಡೆ ಕೆಲಸ ಮಾಡಬೇಕು ಅಲ್ವಾ?

ಶುರು ಮಾಡುವ ಮುಂಚೆ ನಿಮ್ಮ ಮನೆಯವರ ಜೊತೆ ಕೂತು ಮಾತಾಡಿ. ಬೆಳಿಗ್ಗೆ 9.30ರಿಂದ 1.30ರವರೆಗೆ ಬಾಗಿಲು ತೆರೆಯುವವರು ಯಾರು, ಮಗನಿಗೆ ಹುಷಾರಿಲ್ಲ ಅಂತ ಸ್ಕೂಲಿನಿಂದ ಫೋನ್ ಬಂದರೆ ಹೋಗುವವರು ಯಾರು. ‘ಆಗ ನೋಡಿಕೊಳ್ಳೋಣ’ ಅಂತ ಬಿಟ್ಟ ಕೆಲಸ ಕೊನೆಗೆ ಹೆಂಗಸಿನ ಮೇಲೇ ಬೀಳುತ್ತದೆ. ಬರುವ ದುಡ್ಡಿನಲ್ಲಿ ಬೆಳಗಿನ ಕೆಲಸಕ್ಕೆ ಒಬ್ಬರನ್ನು ಇಟ್ಟುಕೊಳ್ಳಲು ಸಾಧ್ಯವಾದರೆ ಸಂಕೋಚ ಬೇಡ, ಅದು ನಿಮ್ಮ ವ್ಯವಹಾರದ ಖರ್ಚೇ.

ಕರೆಂಟ್ ವಿಷಯ ನಿಮಗೆ ಗೊತ್ತೇ ಇದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆದರೂ ರೂಟರ್ ಸತ್ತುಹೋದರೆ ಏನೂ ನಡೆಯದು. ರೂಟರಿಗೆಂದೇ ಸಣ್ಣ ಯುಪಿಎಸ್ ಸಿಗುತ್ತದೆ, ತೆಗೆದುಕೊಳ್ಳಿ. ಮನೆಯ ಬ್ರಾಡ್‌ಬ್ಯಾಂಡ್ ಒಂದು ಕಂಪನಿಯದಾದರೆ ಹಾಟ್‌ಸ್ಪಾಟ್‌ನ ಸಿಮ್ ಇನ್ನೊಂದು ಕಂಪನಿಯದಿರಲಿ.

ಪಾಸ್‌ವರ್ಡ್ ಬಗ್ಗೆ ಗಟ್ಟಿಯಾಗಿರಿ. ಕ್ಲೈಂಟ್ ವಾಟ್ಸಾಪಿನಲ್ಲಿ ಪಾಸ್‌ವರ್ಡ್ ಕಳಿಸಿದರೆ ಬೇಡ ಅನ್ನಿ. ಜಿಮೇಲ್‌ನಲ್ಲಿ ಪಾಸ್‌ವರ್ಡ್ ಕೊಡದೆಯೇ ನಿಮ್ಮನ್ನು ಡೆಲಿಗೇಟ್ ಆಗಿ ಸೇರಿಸಬಹುದು. ನೀವು ಅವರ ಮೇಲ್ ಓದಬಹುದು, ಉತ್ತರಿಸಬಹುದು, ಪಾಸ್‌ವರ್ಡ್ ಬದಲಾಯಿಸಲು ಆಗುವುದಿಲ್ಲ. ಬೇರೆ ಖಾತೆಗಳಿಗೆ ಬಿಟ್‌ವಾರ್ಡನ್ ತರಹದ ಪಾಸ್‌ವರ್ಡ್ ಮ್ಯಾನೇಜರ್ ಇದೆ. ಅವರ ಬ್ಯಾಂಕಿನ ಒಟಿಪಿ ಮಾತ್ರ ಯಾವ ಕಾರಣಕ್ಕೂ ಕೇಳಬೇಡಿ, ಕೊಟ್ಟರೂ ತೆಗೆದುಕೊಳ್ಳಬೇಡಿ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಮೊದಲು ಅನುಮಾನ ಬರುವುದು ನಿಮ್ಮ ಮೇಲೆ.

25,000ದ ಕೋರ್ಸ್ ಬೇಡ. ಏಳು ವರ್ಷ ಮಾಡಿದ ಕೆಲಸವನ್ನೇ ನಿಮಗೆ ಮತ್ತೆ ಕಲಿಸುತ್ತಾರೆ. ಹೊಸದಾಗಿ ಬೇಕಾದದ್ದು ಟ್ರೆಲ್ಲೊ ಅಥವಾ ಅಸಾನಾದಲ್ಲಿ ಕೆಲಸ ಹಂಚುವುದು, ಗೂಗಲ್ ಶೀಟ್ಸ್, ಪೋಸ್ಟ್ ವಿನ್ಯಾಸ ಮಾಡುವ ಕ್ಯಾನ್ವಾ, ಮೀಟಿಂಗ್ ಹೊತ್ತು ಗೊತ್ತುಮಾಡುವ ಕ್ಯಾಲೆಂಡ್ಲಿ. ಇವುಗಳ ಉಚಿತ ಆವೃತ್ತಿಯಲ್ಲೇ ನಿಮ್ಮ ಮನೆಯ ಲೆಕ್ಕ, ಮಗನ ಪರೀಕ್ಷೆಯ ವೇಳಾಪಟ್ಟಿ ಹಾಕಿ ಕಲಿಯಿರಿ. ಹಬ್‌ಸ್ಪಾಟ್ ಅಕಾಡೆಮಿ, ಗೂಗಲ್ ಸ್ಕಿಲ್‌ಶಾಪ್‌ನಲ್ಲಿ ಪುಕ್ಕಟೆ ಪಾಠಗಳಿವೆ. ಆ 25,000 ಅನ್ನು ಒಳ್ಳೆಯ ಕುರ್ಚಿ, ಹೆಡ್‌ಸೆಟ್, ರೂಟರ್ ಯುಪಿಎಸ್‌ಗೆ ಹಾಕಿ. ಕೆಲಸ ಕೊಡಲು ಡೆಪಾಸಿಟ್, ರಿಜಿಸ್ಟ್ರೇಷನ್ ಫೀಸ್ ಕೇಳುವವರಿಂದ ದೂರ ಇರಿ. ಡೇಟಾ ಎಂಟ್ರಿ ಕೊಟ್ಟು, ತಪ್ಪು ಜಾಸ್ತಿ ಅಂತ ಹೇಳಿ, ವಕೀಲರ ನೋಟಿಸ್ ಹೆಸರಲ್ಲಿ ಬೆದರಿಸಿ ದುಡ್ಡು ಕೀಳುವವರಿದ್ದಾರೆ. ಹಾಗೇನಾದರೂ ಹಣ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ.

ಎಐ ಬಂದ ಮೇಲೆ ಈ ಕೆಲಸ ಉಳಿಯುತ್ತದೆಯೇ ಅಂತ ಎಲ್ಲರೂ ಕೇಳುತ್ತಾರೆ. ಬರೀ ಟೈಪ್ ಮಾಡುವ, ಕಾಪಿ ಪೇಸ್ಟ್ ಮಾಡುವ ಕೆಲಸ ನಂಬಿಕೊಳ್ಳಬೇಡಿ. ಯಾರ ಮೇಲ್ ಇವತ್ತೇ ನೋಡಬೇಕು, ಯಾರಿಗೆ ಮೆತ್ತಗೆ ಉತ್ತರಿಸಬೇಕು, ಯಾವ ಮೀಟಿಂಗ್ ಮುಂದೂಡಿದರೆ ಬೇಜಾರಾಗುತ್ತದೆ ಅನ್ನುವ ಅಂದಾಜು ನಿಮಗೆ ಏಳು ವರ್ಷದಲ್ಲಿ ಬಂದಿದೆ. ಅದಕ್ಕೆ ಬೆಲೆ ಇದೆ.

ತೆರಿಗೆಯ ಮಾತು ಚಿಕ್ಕದಾಗಿ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಸಣ್ಣ ಉದ್ಯಮಗಳಿಗೆಂದೇ ಇರುವ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ, ಮಧ್ಯದವರಿಗೆ ದುಡ್ಡು ಕೊಡಬೇಡಿ. ಕೆಲಸಕ್ಕೆಂದೇ ಬೇರೆ ಬ್ಯಾಂಕ್ ಖಾತೆ ಇಡಿ. ಪೇಪಾಲ್, ವೈಸ್, ಪೇಯೊನೀರ್ ಯಾವುದರಲ್ಲೇ ಹೊರದೇಶದ ಹಣ ಬಂದರೂ ಅದರ ಪ್ರಮಾಣಪತ್ರ ಇಳಿಸಿಟ್ಟುಕೊಳ್ಳಿ. ರಿಟರ್ನ್ ಸಲ್ಲಿಸುವುದನ್ನು ಮೊದಲ ವರ್ಷವೇ ಒಬ್ಬ ಆಡಿಟರಿಗೆ ಒಪ್ಪಿಸಿ.

ಮಾವನವರಿಗೆ ಹೇಗೆ ಹೇಳುವುದು? ‘ವರ್ಚುವಲ್’ ಅನ್ನುವ ಪದ ಬಿಟ್ಟುಬಿಡಿ. ‘ಬೆಂಗಳೂರಲ್ಲಿ ಮಾಡ್ತಿದ್ದ ಕೆಲಸವೇ ಮಾವ, ಈಗ ಇಲ್ಲಿಂದ ಮಾಡ್ತೀನಿ. ಆಗ ಒಬ್ಬರು ಸಾಹೇಬರು, ಈಗ ಮೂವರು’ ಅನ್ನಿ. ಆಮೇಲೆ ಒಂದು ದಿನ ಬೆಳಿಗ್ಗೆ ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿಸಿ. ಅಂದು ಮಾಡಬೇಕಾದ ಕೆಲಸಗಳ ಪಟ್ಟಿ ತೋರಿಸಿ. ಸಕಲೇಶಪುರದ ಹೋಂಸ್ಟೇಗೆ ಬಂದ ವಿಚಾರಣೆ, ದುಬೈಯವರ ಟಿಕೆಟ್, ಕಳಿಸಬೇಕಾದ ಬಿಲ್. ಒಂದೊಂದೇ ಮುಗಿಸಿ ಗೆರೆ ಹೊಡೆಯುವುದನ್ನು ಅವರು ನೋಡಲಿ. ನನ್ನ ಮಾವನವರು ಹಾಗೆ ನೋಡಿ ಎದ್ದುಹೋದ ಮಾರನೇ ದಿನದಿಂದ, ಹನ್ನೊಂದು ಗಂಟೆಗೆ ಬೆಲ್ ಆದರೆ ಪೇಪರ್ ಮಡಚಿಟ್ಟು ತಾವೇ ಬಾಗಿಲಿಗೆ ಹೋಗುತ್ತಿದ್ದರು.